ಮೊಯ್ದು ಎಳೆದ ಕೇಬಲ್

ಆ ಬುಧವಾರ ಮೊಯ್ದು ಎಣ್ಣೆಯಲ್ಲಿ ಕರಿದ ಎರಡು ಬಾಳೆಹಣ್ಣಿನ ಪೋಡಿ ತಿಂದ. ಒಂದು ಅವನದು, ಇನ್ನೊಂದು ನನ್ನದು. ನನಗೆ ಸಕ್ಕರೆ ಕಾಯಿಲೆ ಇರುವುದನ್ನು ನೆನಪಿಸಿ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಬೋವಿಕಾನದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಾವು ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಸೇರುತ್ತಿದ್ದೆವು. ಮೂವತ್ತೊಂದು ವರ್ಷ ಟೆಲಿಫೋನ್ ಕೇಬಲಿನ ಎರಡು ತುದಿಗಳಲ್ಲಿ ನಿಂತು ಕೆಲಸ ಮಾಡಿದವರಿಗೆ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವುದು ನಿವೃತ್ತಿಯ ನಂತರವೇ ಅಭ್ಯಾಸವಾದದ್ದು.

ಚಹಾ ಮುಗಿಸಿ ಅವನು ಯಾವಾಗಲೂ ಕೇಳುವುದನ್ನೇ ಕೇಳಿದ.

"ಆ ಶಾಲೆಯ ಕೇಬಲ್ ಒಮ್ಮೆ ಹಾಕಿ ನೋಡುವ. ಯಾವಾಗ ಹೋಗುವುದು?"

"ಈ ವಾರ ಆಗ್ಲಿಕ್ಕಿಲ್ಲ. ಮುಂದಿನ ವಾರ ನೋಡುವ" ಎಂದೆ.

"ನಿನ್ನ ಮುಂದಿನ ವಾರಕ್ಕೆ ಹದಿನಾಲ್ಕು ವರ್ಷ ಆಯ್ತು ಮಾರಾಯ" ಎಂದು ನಕ್ಕು, ಕೊಡೆ ಕಂಕುಳಿಗೆ ಸಿಕ್ಕಿಸಿ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಅವನು ಬಾವಿಕಟ್ಟೆಯ ಹತ್ತಿರ ಎದೆ ಹಿಡಿದುಕೊಂಡು ಕುಳಿತನಂತೆ. ಕಾಸರಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲೇ ಮುಗಿದಿತ್ತು.

ಇದನ್ನು ಬರೆಯಲು ಹೇಳಿದವರು ಅದೇ ಶಾಲೆಯ ಹೆಡ್‌ಮಿಸ್ಟ್ರೆಸ್ ವಸಂತಿ ಟೀಚರ್. ಕೇಬಲಿನ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಉಪಯೋಗವಾಗಲಿ ಎಂದರು. ನಾನು ಹತ್ತನೆಯ ತರಗತಿಯವರೆಗೆ ಓದಿದವನು, ಗೊತ್ತಿದ್ದಂತೆ ಬರೆಯುತ್ತೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದು ಇಲ್ಲಿಲ್ಲ. ಅದನ್ನು ಓದಿ ಯಾರಿಗೂ ತಂತಿ ಜೋಡಿಸಲು ಬರುವುದಿಲ್ಲ. ಮೊಯ್ದು ಎಳೆದ ಆ ಕೇಬಲ್ ಸತ್ತಿತ್ತೋ ಬದುಕಿತ್ತೋ ಎಂಬುದೇ ಇಲ್ಲಿರುವ ಮುಖ್ಯ ವಿಷಯ. ಆದರೆ ಅದಕ್ಕಿಂತ ಮೊದಲು ನಮ್ಮ ಕೆಲಸ ಹೇಗಿತ್ತು ಎಂದು ಹೇಳಬೇಕು.

ಕೇಬಲ್ ಪರೀಕ್ಷೆ ಒಬ್ಬನಿಂದ ಆಗುವ ಕೆಲಸವಲ್ಲ. ನೂರು ಜೋಡಿ ತಂತಿಗಳ ಒಂದು ಕೇಬಲ್ ಮಣ್ಣಿನಡಿಯಲ್ಲಿ ಎರಡು ಕಿಲೋಮೀಟರ್ ಹೋಗಿದೆ ಎಂದುಕೊಳ್ಳಿ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮೊಯ್ದು. ಆಗ ಮೊಬೈಲ್ ಇರಲಿಲ್ಲ. ಮೊದಲು ಒಂದು ಒಳ್ಳೆಯ ಜೋಡಿಯನ್ನು ಹುಡುಕಿ ಅದಕ್ಕೆ ಬ್ಯಾಟರಿ ಕೊಟ್ಟು, ಎರಡೂ ಕಡೆ ಸೊಂಟದ ಟೆಸ್ಟ್ ಫೋನ್ ಸಿಕ್ಕಿಸಬೇಕು. ನಾವು ಅದನ್ನು ಮಾತಿನ ಜೋಡಿ ಎನ್ನುತ್ತಿದ್ದೆವು. ಮಾತಿನ ಜೋಡಿ ಸಿಗುವವರೆಗೆ ಎರಡು ಕಡೆಯವರೂ ಕುರುಡರು. ಮೊಯ್ದು ಒಂದೊಂದೇ ಜೋಡಿಯನ್ನು ಉಗುರಿನಿಂದ ತಟ್ಟುತ್ತಾ ಬರುತ್ತಿದ್ದ. ನನ್ನ ಕಿವಿಯಲ್ಲಿ ಎಲ್ಲೋ ದೂರದಲ್ಲಿ ಹಲ್ಲಿ ಲೊಚಗುಟ್ಟಿದಂತೆ ಒಂದು ಸದ್ದು. ಮತ್ತೆ ಒಂದು. ಆ ಸದ್ದು ಸಿಕ್ಕಿದಾಗ ಆಗುವ ಖುಷಿಯನ್ನು ಹೇಗೆ ಬರೆಯಬೇಕೋ ತಿಳಿಯದು. ಮೂವತ್ತೊಂದು ವರ್ಷವೂ ಪ್ರತಿ ಸಲ ನನ್ನ ಮೈ ಜುಮ್ಮೆಂದಿದೆ. ಆಮೇಲೆ ಅವನ ಸ್ವರ ಬರುತ್ತಿತ್ತು.

"ಎಂತ, ಊಟ ಆಯ್ತಾ?"

ಅವನ ಮನೆಮಾತು ಬ್ಯಾರಿ, ನನ್ನದು ತುಳು. ಇಬ್ಬರೂ ಕನ್ನಡ ಶಾಲೆಗೆ ಹೋದವರು, ಹಾಗಾಗಿ ತಂತಿಯಲ್ಲಿ ಕನ್ನಡವೇ. ನಾನು "ಮೂವತ್ತೇಳು" ಎಂದರೆ ಅವನು "ಉಂಟು" ಎನ್ನಬೇಕು. "ಮೂವತ್ತೆಂಟು." "ಉಂಟು." "ಮೂವತ್ತೊಂಬತ್ತು." ಸದ್ದಿಲ್ಲದಿದ್ದರೆ ಆ ಜೋಡಿ ಸತ್ತಿದೆ. ಎಲ್ಲ ಮುಗಿದ ಮೇಲೆ ದಪ್ಪ ಕಾಗದದ ಒಂದು ಚೀಟಿಗೆ ಈ ಕಡೆ ಯಾರು, ಆ ಕಡೆ ಯಾರು ಎಂದು ಎರಡು ಸಹಿ ಹಾಕಿ, ಮೇಣದ ದಾರದಲ್ಲಿ ಕೇಬಲಿಗೆ ಕಟ್ಟುವುದು ಪದ್ಧತಿ. ಎರಡು ಸಹಿ ಇಲ್ಲದ ಕೇಬಲನ್ನು ನಾವು ಪರೀಕ್ಷೆ ಮಾಡಿದ ಕೇಬಲ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ತಂತಿಗಳ ಬಣ್ಣಕ್ಕೊಂದು ಕ್ರಮವಿದೆ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಮಗ್ಗಿಯ ಹಾಗೆ ಅದನ್ನು ಬಾಯಿಪಾಠ ಮಾಡಿದ್ದೆವು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊಸಂಗಡಿಯ ಕಡೆ ಒಂದು ಹೊಂಡದಲ್ಲಿ ಕುಳಿತು ಕೇಬಲ್ ಜೋಡಿಸುವಾಗ ನಾನು ಎರಡು ಜೋಡಿಗಳನ್ನು ಅದಲು ಬದಲು ಮಾಡಿದೆ. ಒಬ್ಬ ಡಾಕ್ಟರರ ಫೋನು ಮೀನಿನ ವ್ಯಾಪಾರಿಗೆ ಹೋಯಿತು, ವ್ಯಾಪಾರಿಯದ್ದು ಡಾಕ್ಟರರಿಗೆ. ಮರುದಿನ ಬೆಳಿಗ್ಗೆಯಿಂದ ಡಾಕ್ಟರರಿಗೆ ಬಂದ ಫೋನೆಲ್ಲ ಬಂಗುಡೆಯ ರೇಟು ಕೇಳುವುದಕ್ಕೆ. ಅಲ್ಲಿ ವ್ಯಾಪಾರಿಗೆ ಒಬ್ಬ ಅಜ್ಜಿ ಫೋನ್ ಮಾಡಿ, ಮೂರು ದಿನದಿಂದ ಹೊಟ್ಟೆ ಸರಿ ಇಲ್ಲ ಎಂದರಂತೆ. ಅವನು, "ಹಾಗಾದ್ರೆ ಇವತ್ತು ಮೀನು ಬೇಡ ಅಜ್ಜಿ" ಎಂದು ಫೋನ್ ಇಟ್ಟನಂತೆ. ಸಾಹೇಬರು ನಮ್ಮಿಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿ ಯಾರ ತಪ್ಪು ಇದು ಎಂದು ಕೇಳಿದರು. ಮೊಯ್ದು ಹೇಳಿದ:

"ನಮ್ಮದು ಸಾರ್."

"ನಮ್ಮದು ಅಂದ್ರೆ ಯಾರದು?"

"ಕೇಬಲಿಗೆ ಎರಡು ತುದಿ ಅಲ್ವಾ ಸಾರ್. ಇಬ್ಬರದ್ದೂ."

ಹೊರಗೆ ಬಂದ ಮೇಲೆ ಅವನು ಆ ವಿಷಯ ಎತ್ತಲೇ ಇಲ್ಲ. ಅಜ್ಜಿಗೆ ಆ ವ್ಯಾಪಾರಿ ಕೊಟ್ಟ ಸಲಹೆ ಡಾಕ್ಟರರದ್ದಕ್ಕಿಂತ ಒಳ್ಳೆಯದಿತ್ತು ಎಂದಷ್ಟೇ ಹೇಳಿದ.

ಇನ್ನೊಂದು ಘಟನೆ ಬೋವಿಕಾನದ್ದೇ. ಪೇಟೆಯ ಇಪ್ಪತ್ತು ಫೋನುಗಳು ಪ್ರತಿದಿನ ಮಧ್ಯಾಹ್ನದ ಹೊತ್ತಿಗೆ ಸಾಯುತ್ತಿದ್ದವು, ಸಂಜೆಗೆ ತಾವಾಗಿ ಬದುಕುತ್ತಿದ್ದವು. ಬೆಳಿಗ್ಗೆ ಹೋಗಿ ಅಳೆದರೆ ಎಲ್ಲವೂ ಸರಿ. ಆಗ ನಮಗೊಬ್ಬ ಎಂಜಿನಿಯರ್ ಇದ್ದರು, ಬೇರೆ ಊರಿನವರು. ಮೀಟರು ಹಿಡಿದು ನಿಂತರೆ ದೇವರ ಮುಂದೆ ನಿಂತ ಹಾಗೆ. "ಮೀಟರು ಸುಳ್ಳು ಹೇಳುವುದಿಲ್ಲ" ಎಂಬುದು ಅವರ ಮಾತು. ಮೊಯ್ದು ತಲೆ ಕೆರೆದುಕೊಂಡು ಹೇಳಿದ, "ಸುಳ್ಳು ಹೇಳುವುದಿಲ್ಲ ಸಾರ್. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತದೆ."

ಅವನು ಎರಡು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕೇಬಲ್ ಹೋದ ದಾರಿಯಲ್ಲಿ ಸುಮ್ಮನೆ ನಡೆದ. ಮೂರನೆಯ ದಿನ ಹನ್ನೊಂದೂವರೆಗೆ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಒಂದು ಊಟದ ಹೋಟೆಲಿನ ಹಿಂದೆ ನಿಲ್ಲಿಸಿದ. ಅಡುಗೆಯವನು ದೊಡ್ಡ ಪಾತ್ರೆಯ ಅನ್ನ ಬಸಿದು ಬಿಸಿ ಗಂಜಿಯನ್ನು ಹೊರಗೆ ಚೆಲ್ಲಿದ. ಅದು ಕಲ್ಲಿನ ಸಂದಿಯಲ್ಲಿ ಇಳಿದು ಮಾಯವಾಯಿತು. ಅದರ ಕೆಳಗೆ ನಮ್ಮ ಕೇಬಲಿನ ಜೋಡಣೆಯ ಹೊಂಡ. ಮುಚ್ಚಳ ತೆಗೆದರೆ ಒಡೆದ ಜಾಯಿಂಟಿನ ಮೇಲೆ ಬಿಸಿ ಗಂಜಿ ಹಬೆಯಾಡುತ್ತಾ ನಿಂತಿತ್ತು. ಸಂಜೆಗೆ ಅದು ಇಂಗಿ ಒಣಗಿದರೆ ಫೋನು ಬದುಕುತ್ತಿತ್ತು. ನಾವಿಬ್ಬರೂ ಕುಣಿಯುವುದೊಂದು ಬಾಕಿ. ಅಡುಗೆಯವನು ಸೌಟು ಹಿಡಿದು, ಇವರಿಗೆ ಎಂತ ಆಯ್ತು ಎಂದು ನೋಡುತ್ತಿದ್ದ.

ಹೊಸಬರಿಗೆ ನಾನು ಹೇಳುವುದು ಇದನ್ನೇ. ಉಪಕರಣ ಹಿಡಿಯುವ ಮೊದಲು ದಾರಿ ನಡೆಯಿರಿ. ಮತ್ತು ಮೀಟರಿಗೆ ಎಂತ ಪ್ರಶ್ನೆ ಕೇಳುತ್ತಿದ್ದೇನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಈ ಎರಡನೆಯದನ್ನು ನಾನೇ ಮರೆತೆ.

ಇಂಟರ್ನೆಟ್ಟಿನ ಕಾಲ ಬಂತು. ಬೆರಳಿನ ದಪ್ಪವೂ ಇಲ್ಲದ, ಎಂಟೇ ತಂತಿಯ ಕೇಬಲುಗಳು ಬಂದವು. ನೂರು ಜೋಡಿ ನೋಡಿದ ನಮಗೆ ಅದು ಆಟಿಕೆಯಂತೆ ಕಂಡಿತು. ಎರಡು ದಿನದ ತರಬೇತಿಗೆ ನನ್ನನ್ನು ಕಳಿಸಿದರು, ಮೊಯ್ದುವನ್ನು ಕಳಿಸಲಿಲ್ಲ. ಕಲಿಸಿದವರು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮಲೆಯಾಳದಲ್ಲಿ ವೇಗವಾಗಿ ಹೇಳುತ್ತಾ ಹೋದರು. ನಾನು ಅರ್ಥವಾದಷ್ಟು ಬರೆದುಕೊಂಡು, ಎಲ್ಲ ಅರ್ಥವಾದವನ ಹಾಗೆ ತಿರುಗಿ ಬಂದೆ.

ಮೊದಲ ಕೆಲಸವೇ ಆ ಶಾಲೆಯದ್ದು. ಆಫೀಸಿನಿಂದ ಅಂಗಳದಡಿಯ ಪೈಪಿನಲ್ಲಿ ಹಾಯಿಸಿ, ಎದುರಿನ ಕಟ್ಟಡದ ಮಹಡಿಯ ಕಂಪ್ಯೂಟರ್ ಕೋಣೆಗೆ ಕೇಬಲ್ ಒಯ್ಯಬೇಕು. ಎಂಬತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು. ಪೈಪಿನಲ್ಲಿ ಎರಡು ತಿರುವು. ಮೊಯ್ದು ಸಾಬೂನು ನೀರು ಸವರಿ, ಹಗ್ಗ ಕಟ್ಟಿ, ಹಸುಗೂಸನ್ನು ಎತ್ತುವ ಹಾಗೆ ಅದನ್ನು ಎಳೆದ. ಒಂದು ಗೇಣು ಬಂದರೆ ನಿಲ್ಲಿಸಿ ಕೈಯಲ್ಲಿ ತೂಗಿ ನೋಡುವನು. ನನಗೆ ಬೇಸರ ಬಂದು, "ಜೋರು ಎಳೆ ಮಾರಾಯ, ಮಧ್ಯಾಹ್ನ ಆಯ್ತು" ಎಂದೆ. ಅವನು ಕೇಳಲಿಲ್ಲ.

ತುದಿಗೆ ಪ್ಲಗ್ ಹಾಕುವಾಗ ಅವನು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ, "ಇದರಲ್ಲಿ ನೀಲಿ ನಡುವಿಗೆ ಉಂಟಲ್ಲ. ಹಸಿರು ಅದರ ಆಚೆ ಒಂದು, ಈಚೆ ಒಂದು."

"ಚಿತ್ರ ಬರೆದವನಿಗೆ ಕೇಬಲ್ ಗೊತ್ತಿಲ್ಲ. ಜೋಡಿ ಬಿಡಿಸ್ಲಿಕ್ಕುಂಟಾ? ನೀಲಿ, ಕಿತ್ತಳೆ, ಹಸಿರು, ಕಂದು. ನೀನು ಆ ಕಡೆ ಹಾಗೇ ಹಾಕು" ಎಂದೆ.

"ತರಬೇತಿಗೆ ಹೋದವನು ನೀನು" ಎಂದು ಅವನು ಹಾಗೆಯೇ ಹಾಕಿದ.

ಹೊಸ ಟೆಸ್ಟರಿನ ಎರಡು ಭಾಗಗಳನ್ನು ಎರಡು ತುದಿಗೆ ಸಿಕ್ಕಿಸಿದೆವು. ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಎರಡೂ ಕಡೆ ಸಾಲಾಗಿ ಹತ್ತಿದವು. ಚೀಟಿಗೆ ಎರಡು ಸಹಿ ಹಾಕಿ ಕಟ್ಟಿ ಬಂದೆವು.

ವಾರದೊಳಗೆ ದೂರು ಬಂತು. ಕಂಪ್ಯೂಟರು ಸ್ವಲ್ಪ ಹೊತ್ತು ನಡೆಯುತ್ತದೆ, ಆಮೇಲೆ ಸಿಕ್ಕಿಕೊಳ್ಳುತ್ತದೆ. ಅದೇ ಎಂಜಿನಿಯರ್ ಬಂದರು. ಟೆಸ್ಟರ್ ಹಾಕಿದರು, ಎಂಟೂ ದೀಪ ಹತ್ತಿತು. ಅಂದ ಮೇಲೆ ಪ್ಲಗ್ಗಿನ ಕೆಲಸ ಸರಿ ಇದೆ, ಎಳೆಯುವಾಗ ಜಗ್ಗಿ ಒಳಗೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ಯಾರು ಎಳೆದದ್ದು ಎಂದು ಕೇಳಿದರು.

ನಾನು ಬಾಯಿ ಬಿಡಬೇಕಿದ್ದದ್ದು ಅಲ್ಲಿ. ಅವನು ಎಷ್ಟು ನಿಧಾನ ಎಳೆದನೆಂದು ನೋಡಿದವನು ನಾನೊಬ್ಬನೇ. ನಮ್ಮದು ಸಾರ್ ಎನ್ನಲು ಎರಡೇ ಪದ ಸಾಕಿತ್ತು. ನಾನು ಟೆಸ್ಟರನ್ನು ಚೀಲಕ್ಕೆ ಹಾಕುತ್ತಾ ನಿಂತೆ.

"ನಾನು" ಎಂದ ಮೊಯ್ದು. "ಆದ್ರೆ ನಾನು ಎಳೆದ ಕೇಬಲ್ ಸಾಯ್ಲಿಲ್ಲ ಸಾರ್."

ಅವನಿಗೆ ಮೆಮೊ ಕೊಟ್ಟರು. ಅಜಾಗರೂಕತೆ ಎಂದು ಬರೆದಿತ್ತು. ಕೇಬಲ್ ಕೆಲಸದಿಂದ ತೆಗೆದು ಬ್ಯಾಟರಿ ಕೋಣೆಗೆ ಹಾಕಿದರು. ಎಂಟು ತಿಂಗಳು ಅವನು ಅಲ್ಲಿ ಬ್ಯಾಟರಿಗಳಿಗೆ ನೀರು ಹೊಯ್ಯುತ್ತಾ ಕುಳಿತ. ಶಾಲೆಯವರು ಬೇರೆ ಯಾರಿಂದಲೋ ಮೇಲಿನಿಂದ, ಕಟ್ಟಡದಿಂದ ಕಟ್ಟಡಕ್ಕೆ ಹೊಸ ಕೇಬಲ್ ಎಳೆಸಿದರು. ಹಳೆಯದು ಪೈಪಿನಲ್ಲೇ ಉಳಿಯಿತು.

ಸರಿಯಾದ ಕ್ರಮವನ್ನು ನಾನು ಮರುವರ್ಷ ಕಲಿತೆ. ಆ ದಿನ ಶಾಲೆಯ ಕೇಬಲ್ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಹೋಗಿ ನೋಡಲಿಲ್ಲ. ಬೇರೆ ಏನೋ ಕಾರಣವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮೊಯ್ದು ಒಮ್ಮೆ ಹಾಕಿ ನೋಡುವ ಎಂದಾಗಲೆಲ್ಲ ನನಗೆ ಮುಂದಿನ ವಾರ ಬೇಕಾದದ್ದು ಅದಕ್ಕೇ.

ಅವನು ಹೋಗಿ ಎರಡು ತಿಂಗಳಾದ ಮೇಲೆ, ಮಳೆಗಾಲದ ಮೊದಲ ಗಾಳಿಗೆ ಒಂದು ಗೇರುಮರದ ಕೊಂಬೆ ಮುರಿದು ಶಾಲೆಯ ಮೇಲಿನ ಕೇಬಲಿನ ಮೇಲೆ ಬಿತ್ತು. ವಸಂತಿ ಟೀಚರ್ ಫೋನ್ ಮಾಡಿದರು.

"ಸಂಜೀವಣ್ಣ, ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿ ಆಗಿದೆ. ಇನ್ನು ಅಗೀಲಿಕ್ಕೆ ಪಿಟಿಎಯವರು ಬಿಡುವುದಿಲ್ಲ. ಪೈಪಿನಲ್ಲಿ ಒಂದು ಹಳೆಯ ಕೇಬಲ್ ಉಂಟಂತೆ. ಅದು ಆಗ್ತದಾ ಅಂತ ಒಮ್ಮೆ ನೋಡ್ತೀರಾ?"

"ನಾಳೆ ಬರ್ತೇನೆ" ಎಂದೆ. ಮುಂದಿನ ವಾರ ಎನ್ನಲಿಲ್ಲ.

ಆಫೀಸಿನ ಕಪಾಟಿನ ಹಿಂದೆ ಕೇಬಲಿನ ತುದಿ ಸುರುಳಿಯಾಗಿ ನೇತಾಡುತ್ತಿತ್ತು. ಚೀಟಿ ಹಳದಿಯಾಗಿದ್ದರೂ ಹರಿದಿರಲಿಲ್ಲ. ಎರಡು ಸಹಿಯೂ ಇತ್ತು. ಪ್ಲಗ್ಗನ್ನು ಬೆಳಕಿಗೆ ಹಿಡಿದು ಕನ್ನಡಕ ಏರಿಸಿ ನೋಡಿದೆ. ನೀಲಿ ನೀಲಿ, ಕಿತ್ತಳೆ ಕಿತ್ತಳೆ, ಹಸಿರು ಹಸಿರು, ಕಂದು ಕಂದು. ನನ್ನ ಮಗ್ಗಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಬಣ್ಣದ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದಿರುತ್ತಾರೆ. ಹಾಗೆ ಹೆಣೆದದ್ದರಿಂದಲೇ ಪಕ್ಕದ ಜೋಡಿಯ ಗದ್ದಲ ಅವುಗಳಿಗೆ ತಾಗುವುದಿಲ್ಲ. ಕಂಪ್ಯೂಟರು ಮೂರನೆಯ ಮತ್ತು ಆರನೆಯ ತಂತಿಯನ್ನು ಒಂದು ಜೋಡಿಯೆಂದು ನಂಬಿ ಕೆಲಸ ಮಾಡುತ್ತದೆ. ನಮ್ಮ ಟೆಲಿಫೋನಿನ ಕ್ರಮದಲ್ಲಿ ಮೂರನೆಯದು ಕಿತ್ತಳೆ, ಆರನೆಯದು ಹಸಿರು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ತಂತಿ. ಹತ್ತಿರಕ್ಕಾದರೆ ಹೇಗೋ ನಡೆದೀತು, ಎಂಬತ್ತು ಮೀಟರಿಗೆ ನಡೆಯುವುದಿಲ್ಲ. ಟೆಸ್ಟರು ಕೇಳುವುದು ತಂತಿ ತುದಿಯಿಂದ ತುದಿಗೆ ಹೋಗಿದೆಯೇ ಎಂದು ಮಾತ್ರ. ಹೋಗಿದೆ ಎಂದು ದೀಪ ಹತ್ತಿತು. ಯಾವುದು ಯಾವುದರ ಜೊತೆ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಆದರೆ ಕೇಬಲ್ ಇನ್ನೂ ಬದುಕಿದೆಯೇ ಎಂಬುದು ಬೇರೆ ಪ್ರಶ್ನೆ. ಹದಿನಾಲ್ಕು ಮಳೆಗಾಲದ ನೀರು ಆ ಪೈಪಿನಲ್ಲಿ ನಿಂತಿರಬಹುದು, ಇಲಿ ಕಚ್ಚಿರಬಹುದು. ನಿಜವಾಗಿ ಎಳೆಯುವಾಗಲೇ ಕೆಟ್ಟಿರಲೂಬಹುದು. ನನ್ನ ತಪ್ಪು ಇದ್ದರೂ ಅವನ ತಪ್ಪೂ ಇರಬಹುದಲ್ಲ? ಆ ಗಳಿಗೆಯಲ್ಲಿ ಹಾಗಿದ್ದರೆ ನನಗೆ ಹಗುರವಾದೀತು ಎಂದು ಅನಿಸಿದ್ದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಎರಡೂ ತುದಿ ಕತ್ತರಿಸಿದೆ. ಒಳಗಿನ ತಾಮ್ರ ಹೊಸ ಬಳೆಯ ಹಾಗೆ ಹೊಳೆಯಿತು. ಹೊಸ ಪ್ಲಗ್ಗುಗಳನ್ನು ಚಿತ್ರದಲ್ಲಿ ಇದ್ದ ಹಾಗೆ, ನೀಲಿಯನ್ನು ನಡುವಿಗಿಟ್ಟು ಹಾಕಿದೆ. ಆಫೀಸಿನಲ್ಲಿ ನಾನು ಕುಳಿತೆ. ಮಹಡಿಯಲ್ಲಿ ಟೆಸ್ಟರಿನ ಇನ್ನೊಂದು ಭಾಗ ಹಿಡಿದು ವಸಂತಿ ಟೀಚರೇ ನಿಂತರು, ಕಿವಿಯಲ್ಲಿ ಮೊಬೈಲ್.

"ಟೀಚರ್, ಯಾವ ದೀಪ ಹತ್ತುತ್ತದೋ ಅದನ್ನು ಹೇಳಿ."

"ಒಂದು ಹತ್ತಿತು. ಎರಡು. ಮೂರು." ಸ್ವಲ್ಪ ತಡೆದರು. "ನಾಲ್ಕು. ಬಿಸಿಲಿಗೆ ಸರಿ ಕಾಣ್ಲಿಲ್ಲ ಮಾರಾಯ್ರೆ, ಹೆದರ್ಬೇಡಿ. ಐದು. ಆರು. ಏಳು. ಎಂಟು."

ಎಂಟೂ. ಕುರ್ಚಿಯಿಂದ ಯಾವಾಗ ಎದ್ದೆನೋ ಗೊತ್ತಿಲ್ಲ. ಆದರೆ ದೀಪವನ್ನು ನಂಬಿ ಒಮ್ಮೆ ಕೆಟ್ಟವನು ನಾನು. ಕಂಪ್ಯೂಟರಿಗೆ ಹಾಕಿ ನಡೆಸಿ ಎಂದೆ. ಮಹಡಿಗೆ ಓಡಿದೆ. ಮೊಣಕಾಲು ನೋವು ಆ ದಿನ ಎಲ್ಲಿ ಹೋಗಿತ್ತೋ. ಮಕ್ಕಳ ಪಾಠದ ವಿಡಿಯೊ ಒಂದನ್ನು ಟೀಚರ್ ಹಾಕಿದರು, ನೀರಿನ ಹಾಗೆ ಹರಿಯಿತು. ಹತ್ತೂ ಕಂಪ್ಯೂಟರಿನಲ್ಲಿ ಒಟ್ಟಿಗೆ ಹಾಕಿಸಿದೆ. ಹರಿಯಿತು.

"ಇನ್ನು ನೀವು ಮನೆಗೆ ಹೋಗಿ ಸಂಜೀವಣ್ಣ, ಆಯ್ತಲ್ಲ" ಎಂದರು ಟೀಚರ್.

"ನಾಲ್ಕು ಗಂಟೆವರೆಗೆ ಇರ್ತೇನೆ ಟೀಚರ್. ಆಗ ಇದು ನಡೆದು ನಡೆದು ಸಿಕ್ಕಿಕೊಂಡ ಕೇಬಲ್."

"ಇರಿ ಹಾಗಾದ್ರೆ. ಊಟಕ್ಕೆ ಹೆಸರುಕಾಳಿನ ಪಲ್ಯ ಉಂಟು."

ಮಕ್ಕಳ ಊಟವನ್ನೇ ಉಂಡೆ. ಮಧ್ಯಾಹ್ನದ ಮೂರು ತರಗತಿಗಳು ಆ ಕೋಣೆಗೆ ಬಂದು ಹೋದವು. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಪರದೆಗಳನ್ನೇ ನೋಡುತ್ತಿದ್ದೆ. ಶಾಲೆ ಬಿಡುವ ಲಾಂಗ್ ಬೆಲ್ ಹೊಡೆಯುವವರೆಗೆ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಅವನು ಎಳೆದ ಕೇಬಲ್ ಸತ್ತಿರಲಿಲ್ಲ. ಒಂದು ಎಳೆಯೂ ಸತ್ತಿರಲಿಲ್ಲ.

ಅಲ್ಲಿಂದ ನೇರ ಮೊಯ್ದುವಿನ ಮನೆಗೆ ಹೋದೆ. ಅವನ ಹೆಂಡತಿ ನಫೀಸಾ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ನೀಲಿ, ಕಿತ್ತಳೆ, ಪೆಟ್ಟಿಗೆಯ ಮೇಲಿನ ಚಿತ್ರ, ಮೆಮೊ ಕೊಟ್ಟ ದಿನ ನಾನು ಸುಮ್ಮನೆ ನಿಂತದ್ದು. ಅವರು ಮೊರ ಕೆಳಗಿಟ್ಟು ಪೂರ್ತಿ ಕೇಳಿದರು.

"ಅವರು ಹೇಳಿದ್ದೂ ಅದೇ ಅಲ್ವಾ? ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು" ಎಂದರು. "ನಿಮಗೆ ಗೊತ್ತಾಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ಸಂಜೀವಣ್ಣ?"

ಅವರು ಎದ್ದು ಒಳಗೆ ಹೋದರು. ಇನ್ನು ಹೊರಡಬೇಕು ಎಂದುಕೊಳ್ಳುವಾಗ ಸಕ್ಕರೆ ಹಾಕದ ಚಹಾ ತಂದಿಟ್ಟರು. ನನಗೆ ಸಕ್ಕರೆ ಆಗುವುದಿಲ್ಲ ಎಂದು ಅವನು ಮನೆಯಲ್ಲಿ ಹೇಳಿದ್ದನಂತೆ.

ಆ ಮೆಮೊ ತೆಗೆಸಲು ನಾನು ಕಚೇರಿಗೆ ಒಂದು ಅರ್ಜಿ ಬರೆದು, ತಪ್ಪು ಯಾರದ್ದು ಎಂದು ವಿವರವಾಗಿ ತಿಳಿಸಿ ಸಹಿ ಹಾಕಿ ಕೊಟ್ಟಿದ್ದೇನೆ. ತೀರಿಹೋದವರ ಕಡತವನ್ನು ಯಾರು ತೆರೆಯುತ್ತಾರೆ ಎಂದು ಅಲ್ಲಿ ಕೇಳಿದರು. ಅರ್ಜಿ ತೆಗೆದುಕೊಂಡಿದ್ದಾರೆ, ಉತ್ತರ ಬಂದಿಲ್ಲ.

ಶಾಲೆಯಲ್ಲಿ ಕೇಬಲ್ ಈಗ ಪ್ರತಿದಿನ ಕೆಲಸ ಮಾಡುತ್ತಿದೆ. ನಾನು ಬಿಚ್ಚಿ ಕೊಟ್ಟ ಹಳೆಯ ಚೀಟಿಯನ್ನು ನಫೀಸಾ ಇಟ್ಟುಕೊಂಡಿದ್ದಾರೆ. ಹೊಸ ಪರೀಕ್ಷೆಗೆ ಹೊಸ ಚೀಟಿ ಬೇಕು ಎಂದು ದಪ್ಪ ಕಾಗದ ಕತ್ತರಿಸಿ, ನಡುವೆ ಗೆರೆ ಎಳೆದು, ಮೇಣದ ದಾರದಲ್ಲಿ ಕಟ್ಟಿದ್ದೇನೆ. ಟೀಚರ್ ಬೇಕಾದರೆ ತಾನು ಸಹಿ ಹಾಕುತ್ತೇನೆ ಎಂದರು. ಬೇಡ ಟೀಚರ್, ಇರಲಿ ಎಂದೆ. ಈ ಕಡೆಯಲ್ಲಿ ನನ್ನ ಸಹಿ ಇದೆ. ಆ ಕಡೆಯ ಸಹಿ ಇಲ್ಲ.